ಕಳಿತ ಬಾಳೆಹಣ್ಣಿನ ಸದುಪಯೋಗ

ಹಬ್ಬದ ನೈವೇದ್ಯಕ್ಕೆಂದು ತಂದ ಏಲಕ್ಕಿ ಬಾಳೆಯ ಚಿಪ್ಪಿನಲ್ಲಿ ಉಳಿದ ನಾಲ್ಕಾರು ಹಣ್ಣುಗಳು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳೆದ್ದು, ತೊಟ್ಟು ಸಡಿಲಗೊಂಡು, ಮುಟ್ಟಿದರೆ ಬೆರಳಿಳಿಯುವಷ್ಟು ಮೃದುವಾದೊಡನೆಯೇ ಅವನ್ನು ಕೆಟ್ಟವೆಂದು ಬಗೆದು ಹೊರಗೆ ಚೆಲ್ಲುವ ಅಭ್ಯಾಸವು ಇಂದು ಅನೇಕ ಗೃಹಗಳಲ್ಲಿ ಬೆಳೆಯುತ್ತಿರುವುದು ಖೇದಕರವಾದ ಸಂಗತಿ. ಕಾಯಿಯಲ್ಲಿ ಸುಮಾರು ಐದನೆಯ ಒಂದಂಶದಷ್ಟಿದ್ದ ಪಿಷ್ಟವು ಬಹುಮಟ್ಟಿಗೆ ಸಕ್ಕರೆಯಾಗಿ ಪರಿಣಮಿಸಿ, ಮಾಧುರ್ಯವೂ ಪರಿಮಳವೂ ಪರಾಕಾಷ್ಠೆಯನ್ನು ಮುಟ್ಟುವುದು ಈ ಅವಸ್ಥೆಯಲ್ಲಿಯೇ.

ಈ ತಥ್ಯವನ್ನು ಕರಾವಳಿಯ ಗೃಹಿಣಿಯರಷ್ಟು ಚೆನ್ನಾಗಿ ಅರಿತವರು ವಿರಳ. ಮಂಗಳೂರು, ಉಡುಪಿಗಳ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಪ್ರಸಿದ್ಧವಾದ ಬನ್ಸ್ ಎಂಬ ಭಕ್ಷ್ಯವು ಗಟ್ಟಿ ಹಣ್ಣಿನಿಂದ ಸಿದ್ಧಿಸುವಂಥದಲ್ಲ. ಕಳಿತ ಹಣ್ಣೇ ಅದರ ಜೀವಾಳ. ಎರಡು ದೊಡ್ಡ ಹಣ್ಣುಗಳನ್ನು ಗಂಟಿಲ್ಲದಂತೆ ಕಿವುಚಿ, ಎರಡು ಮೂರು ಚಮಚ ಸಕ್ಕರೆ, ಕಾಲು ಲೋಟ ಹುಳಿಮೊಸರು, ಉಪ್ಪು, ಜೀರಿಗೆ, ಚಿಟಿಕೆ ಅಡಿಗೆ ಸೋಡಾಗಳನ್ನು ಬೆರಸಿ, ಆ ಮಿಶ್ರಣವು ಹಿಡಿಯುವಷ್ಟು ಮೈದಾಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಮೆದುವಾಗಿ ನಾದಬೇಕು. ನೀರನ್ನು ಸೋಕಿಸಲೇಬಾರದು, ಹಣ್ಣಿನ ಮತ್ತು ಮೊಸರಿನ ಆರ್ದ್ರತೆಯೇ ಸಾಲುವುದು. ಮೇಲೆ ಎಣ್ಣೆ ಸವರಿ ರಾತ್ರಿಯೆಲ್ಲ ಮುಚ್ಚಿಟ್ಟ ಹಿಟ್ಟನ್ನು ಬೆಳಗ್ಗೆ ಪೂರಿಗಿಂತ ತುಸು ದಪ್ಪನಾಗಿ ಲಟ್ಟಿಸಿ, ಹದವಾಗಿ ಕಾದ ಎಣ್ಣೆಯಲ್ಲಿ ಬಿಟ್ಟಾಗ, ಅದು ಉಬ್ಬಿ, ಹೊರಗೆ ಕೆಂಬಣ್ಣವನ್ನು ತಳೆದು, ಒಳಗೆ ಜಾಲಜಾಲವಾಗಿ ಅರಳುವುದು. ಎಣ್ಣೆ ಅತಿಯಾಗಿ ಕಾದರೆ ಸಕ್ಕರೆ ಬೇಗನೆ ಕರಿದಾಗಿ ಒಳಭಾಗ ಹಸಿಯಾಗಿಯೇ ಉಳಿಯುವುದರಿಂದ ಉರಿಯ ಮೇಲೆ ಗಮನವಿರಬೇಕು. ಖಾರವಾದ ಕಾಯಿಚಟ್ನಿಯೊಡನೆ ಈ ಸಿಹಿಯನ್ನು ಸವಿಯುವ ಕರಾವಳಿಯವರ ರುಚಿಪ್ರಜ್ಞೆಗೆ ನಾನು ಮನಸಾರೆ ತಲೆದೂಗುತ್ತೇನೆ.

ಅಷ್ಟು ವ್ಯವಧಾನವಿಲ್ಲದವರಿಗೆ ರಸಾಯನವಿದೆ: ತೆಂಗಿನ ಹಾಲು, ಬೆಲ್ಲ, ಏಲಕ್ಕಿಗಳೊಡನೆ ಹಣ್ಣನ್ನು ಹೆಚ್ಚಿ ಹಾಕಿದರಾಯಿತು, ಒತ್ತು ಶ್ಯಾವಿಗೆಗೆ ಇದಕ್ಕಿಂತ ಮೇಲಾದ ಜೊತೆಯಿಲ್ಲ. ಹಣ್ಣು ಹೆಚ್ಚಾಗಿದ್ದಲ್ಲಿ, ತುಪ್ಪದಲ್ಲಿ ಬಾಡಿಸುತ್ತ ತಳ ಬಿಡುವವರೆಗೆ ತಾಳ್ಮೆಯಿಂದ ಕೈಯಾಡಿಸಿ ಹಲ್ವವನ್ನು ಮಾಡಿಡಬಹುದು. ಇದಾವುದಕ್ಕೂ ಅಂದು ಸಮಯವಿಲ್ಲವೆಂದಾದರೆ ಸಿಪ್ಪೆ ಸುಲಿದ ತಿರುಳನ್ನು ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಟ್ಟರೆ ಕೆಲವು ವಾರಗಳ ಕಾಲ ಕೆಡದು.

ಹೆಂಡದ ವಾಸನೆ ಬಂದ, ರಸ ಸೋರುವ ಅಥವಾ ಬೂಷ್ಟು ಹಿಡಿದ ಹಣ್ಣಿನ ಮಾತು ಬೇರೆ. ಅದರ ಸ್ಥಾನ ಗೊಬ್ಬರದ ಗುಂಡಿ. ಉಳಿದವನ್ನು ದಯವಿಟ್ಟು ಎಸೆಯದಿರಿ. ಇಂದು ರಾತ್ರಿ ಮಲಗುವ ಮುನ್ನವೇ ಹಿಟ್ಟನ್ನು ಕಲಸಿಡಿ.