ಬಚ್ಚಲುಮನೆಯ ಮೂರ್ಛೆ: ಮಿದುಳು, ಪ್ರಜ್ಞೆ ಮತ್ತು ಹೊಣೆಗಾರಿಕೆ

ಗುರುಮಠದಲ್ಲಿ ನಾವು ಓದಿಸುವ ಮನಶ್ಶಾಸ್ತ್ರದ ಪ್ರವೇಶಪಾಠವು ಮಿದುಳು ಮತ್ತು ನರಕೋಶಗಳಿಂದ ಆರಂಭವಾಗುತ್ತದೆ. ಹಲವರು ಆ ಅಧ್ಯಾಯವನ್ನು ಪರೀಕ್ಷೆಗೆಂದು ಓದಿ ಮರೆಯುತ್ತಾರೆ. ಅದರ ಉದಾಹರಣೆಗಳೆಲ್ಲ ದೂರದ ದೇಶಗಳವಾಗಿರುವುದೂ ಇದಕ್ಕೆ ಕಾರಣವಿರಬಹುದು. ಆದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಂಥ ಕಡೆ ಸೇವೆಗೆ ಹೋಗಲಿರುವವರಿಗೆ ಗ್ರಹಿಕೆ, ಪ್ರಜ್ಞೆ, ವರ್ತನೆ ಮೂರನ್ನೂ ಒಟ್ಟಿಗೆ ತೋರಿಸುವ ಒಂದು ರೋಗ ದಕ್ಷಿಣ ಕರ್ನಾಟಕದಲ್ಲಿಯೇ ಇದೆ. ಅದು ಬಿಸಿನೀರಿನ ಅಪಸ್ಮಾರ.

ಅಡಿಕೆ ಸಿಪ್ಪೆಯನ್ನೋ ತೆಂಗಿನ ಮಟ್ಟೆಯನ್ನೋ ಉರಿಸಿ ಹಂಡೆಯ ನೀರನ್ನು ಚೆನ್ನಾಗಿ ಕಾಯಿಸಿ, ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದುಕೊಳ್ಳುವುದು ನಮ್ಮವರ ತಲೆಸ್ನಾನದ ಕ್ರಮ. ಆ ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಕೆಲವರಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಇದೇ ಸ್ನಾನ ಮೂರ್ಛೆಯನ್ನು ತರುತ್ತದೆ. ನ್ಯೂಜಿಲೆಂಡಿನಿಂದ 1945ರಲ್ಲಿ ಇಂಥ ಒಂದು ಪ್ರಕರಣ ವರದಿಯಾಗಿತ್ತು. ಆದರೆ ರೋಗ ದೊಡ್ಡ ಸಂಖ್ಯೆಯಲ್ಲಿ ಕಂಡದ್ದು ನಮ್ಮಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಮನೆತನದ ಹಲವರಲ್ಲಿ ಕಾಣಿಸುವುದೂ ಉಂಟು.

ನೆತ್ತಿಯ ಚರ್ಮಕ್ಕೆ ತಾಗಿದ ಬಿಸಿಯು ನರಗಳ ಮೂಲಕ ಮಿದುಳನ್ನು ತಲುಪಿದ ಮೇಲೆಯೇ ನಮಗೆ 'ಬಿಸಿ' ಎನಿಸುತ್ತದೆ. ಈ ರೋಗಿಗಳಲ್ಲಿ ಆ ಸಂವೇದನೆಯೇ ಕಪೋಲದ ಬದಿಯ ಮಿದುಳಿನ ಹಾಲೆಯಲ್ಲಿ ವಿದ್ಯುತ್ ಚಟುವಟಿಕೆಯನ್ನು ಕೆರಳಿಸುತ್ತದೆ. ಆಗ ದೃಷ್ಟಿ ನೆಟ್ಟು ನಿಲ್ಲುತ್ತದೆ. ಅರ್ಥವಿಲ್ಲದ ಮಾತು ಬರಬಹುದು, ಇಲ್ಲದ್ದು ಕಾಣಬಹುದು, ಕೇಳಬಹುದು, ಭಯವಾಗಬಹುದು. ಬಳಿಕ ಕೆಲವರು ಪೂರ್ತಿ ಎಚ್ಚರ ತಪ್ಪುತ್ತಾರೆ. ಪ್ರಜ್ಞೆಯು ಹಚ್ಚಿದರೆ ಉರಿದು ಆರಿಸಿದರೆ ಆರುವ ದೀಪದಂತಲ್ಲ, ಮಬ್ಬಾಗುತ್ತಾ ಹೋಗುವ ಸ್ಥಿತಿಗಳೂ ಅದಕ್ಕಿವೆ ಎಂಬುದು ಇಲ್ಲಿ ಸ್ಪಷ್ಟ. ಬಚ್ಚಲಿನ ಬಾಗಿಲಲ್ಲಿ ನಿಂತು ನೋಡಿದ ತಾಯಿಗೆ ಇದು ದೆವ್ವದ ಹಿಡಿತವೆಂದು ತೋರಿದರೆ ಆಶ್ಚರ್ಯವಿಲ್ಲ.

ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುವುದು ವರ್ತನೆಯ ಪ್ರಶ್ನೆ. ಕೆಲವು ರೋಗಿಗಳಿಗೆ ಆ ಕ್ಷಣದಲ್ಲಿ ಸುಖವೆನಿಸುತ್ತದೆ. ಇನ್ನಷ್ಟು ಸುರಿದುಕೊಳ್ಳಬೇಕೆಂಬ ತೀವ್ರ ಬಯಕೆ ಹುಟ್ಟಿ, ಎಚ್ಚರ ತಪ್ಪುವವರೆಗೂ ಸುರಿದುಕೊಳ್ಳುತ್ತಾರೆ. ಇಂಥವನು ಪಾಪನಿವೇದನೆಗೆ ಬಂದರೆ ಏನು ಹೇಳಬೇಕು? ಹತ್ತನೆಯ ಚೊಂಬನ್ನು ಎತ್ತಿದ ಕೈ ಅವನದೇ. ಆದರೆ ಆ ಹೊತ್ತಿಗೆ ಅರಿವು ಮಬ್ಬಾಗಿದೆ, ಬಯಕೆಯೇ ರೋಗದ ಭಾಗವಾಗಿದೆ. ಪೂರ್ಣ ಅರಿವು ಮತ್ತು ಸ್ವಇಚ್ಛೆಯ ಸಮ್ಮತಿ ಇಲ್ಲದೆಡೆ ಮಾರಕ ಪಾಪವಿಲ್ಲವೆಂದು ಧರ್ಮಸಭೆ ಬೋಧಿಸುತ್ತದೆ. ಮೂರ್ಛೆ ಬರುವುದೆಂದು ಬಲ್ಲವನು ಆ ಸುಖಕ್ಕಾಗಿಯೇ ಮರುವಾರ ಹಂಡೆಗೆ ಉರಿ ಹಾಕಿದರೆ, ಆ ಮೊದಲ ನಿರ್ಧಾರದಲ್ಲಿ ಹೊಣೆಯುಂಟು. ಚಟದ ಬಲ ಅದನ್ನೂ ತಗ್ಗಿಸಬಹುದೆಂಬುದು ನಮ್ಮ ಅಭಿಪ್ರಾಯ. ಎಲ್ಲವನ್ನೂ ಮಿದುಳಿನ ಮೇಲೆ ಹೊರಿಸುವವರಿಗೂ, ಎಲ್ಲದಕ್ಕೂ ಸಂಕಲ್ಪವನ್ನೇ ದೂರುವವರಿಗೂ ಈ ರೋಗಿಯ ವಿಷಯದಲ್ಲಿ ಉತ್ತರ ಸಿಗದು.

ಇದರಿಂದ ಆತ್ಮದ ಬೋಧನೆಗೆ ಧಕ್ಕೆಯೆಂದು ಅಂಜಬೇಕಾಗಿಲ್ಲ. ಆತ್ಮವು ದೇಹದ ರೂಪತತ್ತ್ವವೆಂದು ವಿಯೆನ್ ಮಹಾಸಭೆ 1312ರಲ್ಲಿಯೇ ಘೋಷಿಸಿತು. ದೇಹದ ಅಂಗ ಕೆಟ್ಟರೆ ಬುದ್ಧಿಯ ಕಾರ್ಯವೂ ತಡೆಯಲ್ಪಡುವುದೆಂದು ಸಂತ ಥಾಮಸ್ ಅಕ್ವಿನಾಸರು ಬರೆದಿದ್ದಾರೆ. ಹೀಗಿದ್ದರೂ 1917ರ ಕಾನೂನು ಸಂಹಿತೆಯ 984ನೆಯ ವಿಧಿಯು ಅಪಸ್ಮಾರ ರೋಗಿಗಳನ್ನೂ ದೆವ್ವ ಹಿಡಿದವರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿ ಗುರುದೀಕ್ಷೆಯಿಂದ ದೂರವಿರಿಸಿತ್ತು. 1983ರ ಸಂಹಿತೆಯ 1041ನೆಯ ವಿಧಿಯಲ್ಲಿ ಅಪಸ್ಮಾರದ ಹೆಸರಿಲ್ಲ. ಸಂತ ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಬೆಂಕಿಗೂ ನೀರಿಗೂ ಬೀಳುವ ಬಾಲಕನಿದ್ದಾನೆ. ಆತನಿಗೆ ಇದು ಎಷ್ಟು ಕಾಲದಿಂದ ಇದೆಯೆಂದು ಯೇಸುಸ್ವಾಮಿ ತಂದೆಯನ್ನು ಮೊದಲು ವಿಚಾರಿಸುತ್ತಾರೆ, ಗುಣಪಡಿಸುವುದು ಆಮೇಲೆ.

ಹೀಗೆ ವಿಚಾರಿಸುವುದನ್ನು ನಾವೂ ಕಲಿಯಬೇಕು. ತಲೆಗೆ ನೀರು ಬಿದ್ದಾಗಲೇ ಬರುತ್ತದೆಯೇ? ಮೈಗೆ ಮಾತ್ರ ಹಾಕಿಕೊಂಡರೆ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕೆಂಬ 1172ನೆಯ ವಿಧಿಯನ್ನು ನೆನಪಿಟ್ಟು, ಪ್ರಾರ್ಥಿಸಿ ಆಶೀರ್ವದಿಸಿ, ಮಗುವನ್ನು ನರರೋಗ ತಜ್ಞರ ಬಳಿಗೆ ಕಳುಹಿಸಬೇಕು. ಉಗುರುಬೆಚ್ಚಗಿನ ನೀರಿನಿಂದಲೇ ಅನೇಕರ ಮೂರ್ಛೆ ನಿಲ್ಲುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ, ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಅಲ್ಲಿಯವರೆಗೆ ಬಚ್ಚಲಿನ ಚಿಲಕ ಹಾಕಿಕೊಳ್ಳಬಾರದು; ಉರಿವ ಒಲೆಯ ಪಕ್ಕ ಮಗುವನ್ನು ಒಂಟಿಯಾಗಿ ಬಿಡಬಾರದು.