ಹುರುಪು ಜಾಸ್ತಿ ಆಗಿದ್ದನ್ನೂ ಡಾಕ್ಟರ್‌ಗೆ ಹೇಳಿ: ಸೌಮ್ಯ ಬೈಪೋಲಾರ್ ಗುರುತಿಸೋದು, ನಿಭಾಯಿಸೋದು ಹೇಗೆ?

ಅಂಗಡಿ ಸಾಲಿನಲ್ಲಿ ಒಬ್ಬ ವ್ಯಾಪಾರಿ ಹದಿನೈದು ದಿನ ಷಟರ್ ಎತ್ತಲಿಲ್ಲ ಅಂದ್ರೆ ಎಲ್ಲರೂ ಗಮನಿಸ್ತಾರೆ. "ಯಾಕಣ್ಣ, ಹುಷಾರಿಲ್ವಾ?" ಅಂತ ಕೇಳ್ತಾರೆ. ಅದೇ ವ್ಯಾಪಾರಿ ರಾತ್ರಿ ಮೂರೇ ಗಂಟೆ ಮಲಗಿ, ಬೆಳಿಗ್ಗೆ ಐದಕ್ಕೆ ಅಂಗಡಿ ತೆಗೆದು, ಒಂದೇ ವಾರದಲ್ಲಿ ಎರಡು ಹೊಸ ವ್ಯವಹಾರಕ್ಕೆ ಅಡ್ವಾನ್ಸ್ ಕೊಟ್ಟು ಬಂದ್ರೆ ಹುಷಾರಿಲ್ಲ ಅಂತ ಯಾರೂ ಅನ್ನಲ್ಲ. "ಈಗ ಒಳ್ಳೆ ಚುರುಕಾಗಿದಾನೆ" ಅಂತಾರೆ.

ಬೈಪೋಲಾರ್ ಕಾಯಿಲೆಯ ಸೌಮ್ಯ ರೂಪಗಳು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರೋದಕ್ಕೆ ಇದೇ ಕಾರಣ. ಮಂಕಾದ ದಿನಗಳು ಕಾಯಿಲೆ ಥರ ಕಾಣುತ್ತೆ, ಹುರುಪಿನ ದಿನಗಳು ಗುಣ ಥರ ಕಾಣುತ್ತೆ. ಎರಡೂ ಒಂದೇ ಕಾಯಿಲೆಯ ಎರಡು ತುದಿ ಅಂತ ಗೊತ್ತಾಗೋ ಹೊತ್ತಿಗೆ ಸಾಲ, ಜಗಳ, ಮುಚ್ಚಿದ ಅಂಗಡಿ ಎಲ್ಲಾ ಆಗಿಹೋಗಿರುತ್ತೆ. ನಿಮಗೆ ಅಥವಾ ನಿಮ್ಮ ಮನೆಯವರಿಗೆ ಹೀಗೆ ಆಗ್ತಿದ್ಯಾ ಅಂತ ತಿಳ್ಕೊಳ್ಳೋದು ಹೇಗೆ, ಆಮೇಲೆ ಏನ್ ಮಾಡಬೇಕು ಅನ್ನೋದು ಇಲ್ಲಿದೆ.

ಏನಿದು ಬೈಪೋಲಾರ್?

ಮನಸ್ಸು ಎಲ್ಲರಿಗೂ ಮೇಲೆ ಕೆಳಗೆ ಆಗುತ್ತೆ. ಬೈಪೋಲಾರ್‌ನಲ್ಲಿ ಈ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ಇರುತ್ತೆ. ನಿದ್ದೆ, ಮಾತು, ಖರ್ಚು, ಕೆಲಸ ಎಲ್ಲವನ್ನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ಡಾಕ್ಟರ್‌ಗಳು ಇದರಲ್ಲಿ ಮುಖ್ಯವಾಗಿ ಮೂರು ಬಗೆ ಹೇಳ್ತಾರೆ.

ಮೊದಲನೆಯದು ಬೈಪೋಲಾರ್ 1. ಇದರಲ್ಲಿ ಏರು ತೀವ್ರವಾಗಿರುತ್ತೆ. ಅದಕ್ಕೆ ಮೇನಿಯಾ ಅಂತಾರೆ. ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಇರುತ್ತೆ, ಕೆಲವರನ್ನ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ. ಇದು ಊರಿಗೆಲ್ಲ ಗೊತ್ತಾಗುತ್ತೆ.

ಎರಡನೆಯದು ಬೈಪೋಲಾರ್ 2. ಇದರಲ್ಲಿ ಏರು ಸೌಮ್ಯ, ಹೆಸರು ಹೈಪೋಮೇನಿಯಾ. ಕನಿಷ್ಠ 4 ದಿನ ಬಿಡದೆ ಇರುತ್ತೆ. ಆದರೆ ಇಳಿತ ಸೌಮ್ಯ ಅಲ್ಲ, ಎರಡು ವಾರಕ್ಕಿಂತ ಹೆಚ್ಚು ಕಾಲ ಗಾಢವಾದ ಖಿನ್ನತೆ ಇರುತ್ತೆ.

ಮೂರನೆಯದು ಸೈಕ್ಲೋಥೈಮಿಯಾ. ಏರೂ ಸಣ್ಣದು, ಇಳಿತವೂ ಸಣ್ಣದು, ಆದರೆ 2 ವರ್ಷಕ್ಕಿಂತ ಹೆಚ್ಚು ಕಾಲ ಬಂದು ಹೋಗಿ ಮಾಡ್ತಾನೇ ಇರುತ್ತೆ. ಇಂಥವರನ್ನ ನಮ್ಮಲ್ಲಿ "ಮೂಡಿ" ಅಂತಲೋ "ಅವನ ಬುದ್ಧಿನೇ ಹಂಗೆ" ಅಂತಲೋ ಹೇಳಿ ಬಿಟ್ಟುಬಿಡ್ತಾರೆ.

ಇದು ಅಪರೂಪದ ಕಾಯಿಲೆ ಏನಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 1000 ವಯಸ್ಕರಲ್ಲಿ ಸುಮಾರು 5 ಜನಕ್ಕೆ ಜೀವನದಲ್ಲಿ ಯಾವಾಗಲಾದರೂ ಬೈಪೋಲಾರ್ ಬಂದಿರುತ್ತೆ. ಬಂದವರಲ್ಲಿ 10ಕ್ಕೆ ಸುಮಾರು 7 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಹೆಚ್ಚಾಗಿ ಶುರುವಾಗೋದು ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸಿನಲ್ಲಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ರೆ ಬರೋ ಸಾಧ್ಯತೆ ಜಾಸ್ತಿ.

ಏರು ದಿನಗಳ ಗುರುತು

ಮೊದಲು ನೋಡಬೇಕಾದ್ದು ನಿದ್ದೆ. ನಿದ್ದೆ ಬರ್ತಿಲ್ಲ ಅಂತ ಒದ್ದಾಡೋದು ಬೇರೆ. ಮೂರು ನಾಲ್ಕು ಗಂಟೆ ಮಲಗಿ ಎದ್ದರೂ ಸುಸ್ತೇ ಆಗದೆ ಇರೋದು ಬೇರೆ. ಈ ಎರಡನೆಯದು ಹೈಪೋಮೇನಿಯಾದ ದೊಡ್ಡ ಗುರುತು.

ಇದರ ಜೊತೆಗೆ ಮಾತು ಜಾಸ್ತಿ ಆಗುತ್ತೆ, ಬೇರೆಯವರಿಗೆ ಮಾತಾಡೋಕೆ ಜಾಗನೇ ಇರಲ್ಲ. ತಲೇಲಿ ಒಂದರ ಮೇಲೊಂದು ಐಡಿಯಾ. ಎಲ್ಲಾ ನನ್ನ ಕೈಲಾಗುತ್ತೆ ಅನ್ನೋ ಅತಿಯಾದ ಧೈರ್ಯ. ಗಾಡಿ ಸ್ಪೀಡು, ಆನ್‌ಲೈನ್ ಆಟ, ಸಾಲ ಮಾಡಿ ಖರ್ಚು. ಕೆಲವರಿಗೆ ಖುಷಿ ಇರಲ್ಲ, ಸಿಡುಕು ಮಾತ್ರ ಇರುತ್ತೆ. ಗಿರಾಕಿ ಜೊತೆ, ಕೆಲಸದ ಹುಡುಗರ ಜೊತೆ ಸುಮ್ಮಸುಮ್ಮನೆ ಜಗಳ ಆಗುತ್ತೆ.

ವ್ಯಾಪಾರಸ್ಥರಿಗೆ ಇದು ಲೆಕ್ಕದ ಪುಸ್ತಕದಲ್ಲೇ ಕಾಣುತ್ತೆ. ತಿಪಟೂರಿನ ಕೊಬ್ಬರಿ ವ್ಯಾಪಾರ ಆಗಲಿ, ಗುಬ್ಬಿ, ತುರುವೇಕೆರೆ ಕಡೆಯ ದಿನಸಿ ಅಂಗಡಿ ಆಗಲಿ, ಏರಿನ ವಾರಗಳಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟು ಸರಕು ಬಂದು ಬಿದ್ದಿರುತ್ತೆ. ಕೇಳಿದವರಿಗೆಲ್ಲ ಉದ್ರಿ ಹೋಗಿರುತ್ತೆ. ಹೊಸ ಚೀಟಿ, ಹೊಸ ಗಾಡಿ ಕಂತು, ಯಾರಿಗೋ ಜಾಮೀನು ಸಹಿ. ಒಂದೊಂದಾಗಿ ನೋಡಿದ್ರೆ ಎಲ್ಲಾ ಸಹಜವೇ. ಎಲ್ಲಾ ಒಂದೇ ಹತ್ತು ದಿನದಲ್ಲಿ ಆಗಿದ್ರೆ ಅನುಮಾನ ಪಡಬೇಕು.

ಇಳಿ ದಿನಗಳ ಗುರುತು

ಬೆಳಿಗ್ಗೆ ಏಳೋಕೇ ಆಗಲ್ಲ. ಅತಿಯಾದ ನಿದ್ದೆ ಅಥವಾ ನಿದ್ದೆನೇ ಇಲ್ಲ. ಇಷ್ಟಪಡ್ತಿದ್ದ ಕೆಲಸದಲ್ಲೂ ಆಸಕ್ತಿ ಹೋಗುತ್ತೆ. ಸಣ್ಣ ತೀರ್ಮಾನ ತಗೊಳ್ಳೋದೂ ಕಷ್ಟ. "ನನ್ನಿಂದ ಎಲ್ಲರಿಗೂ ತೊಂದ್ರೆ" ಅನ್ನೋ ಯೋಚನೆ, ಸಾಯೋ ಯೋಚನೆ ಬರಬಹುದು.

ಅಂಗಡೀಲಿ ನೋಡಿದ್ರೆ ಬಾಕಿ ವಸೂಲಿಗೆ ಹೋಗಲ್ಲ, ಹೋಲ್‌ಸೇಲ್‌ನವರ ಫೋನ್ ಎತ್ತಲ್ಲ, ಜಿಎಸ್‌ಟಿ ರಿಟರ್ನ್ ಹಾಕದೆ ದಂಡ ಬೀಳುತ್ತೆ. ಏರಿನಲ್ಲಿ ಮಾಡಿದ ಸಾಲ ಇಳಿತದಲ್ಲಿ ಎದುರಿಗೆ ಬಂದು ನಿಲ್ಲುತ್ತೆ. ಈ ಎರಡೂ ಸೇರಿದಾಗಲೇ ಅಪಾಯ ಜಾಸ್ತಿ. ಬೈಪೋಲಾರ್ 2ರಲ್ಲಿ ಆತ್ಮಹತ್ಯೆಯ ಅಪಾಯ ಬೈಪೋಲಾರ್ 1ಕ್ಕಿಂತ ಕಮ್ಮಿ ಏನಿಲ್ಲ. ಹಾಗಾಗಿ "ಸೌಮ್ಯ" ಅನ್ನೋ ಮಾತು ಏರಿಗೆ ಮಾತ್ರ ಅನ್ವಯಿಸುತ್ತೆ ಅಂತ ನೆನಪಿಟ್ಕೊಳ್ಳಿ.

ಎಲ್ಲಾ ಹುರುಪೂ ಕಾಯಿಲೆ ಅಲ್ಲ

ಹಬ್ಬದ ಸೀಸನ್ನಲ್ಲಿ ವ್ಯಾಪಾರಿ ನಿದ್ದೆಗೆಟ್ಟು ದುಡಿಯೋದು ಸಹಜ. ವ್ಯತ್ಯಾಸ ಏನಂದ್ರೆ, ಅವನಿಗೆ ಸುಸ್ತಾಗುತ್ತೆ, ಹಬ್ಬ ಮುಗಿದ ಮೇಲೆ ಎರಡು ದಿನ ಮಲಗ್ತಾನೆ, ಸರಿ ಹೋಗ್ತಾನೆ. ಅನುಮಾನ ಬಂದ್ರೆ ಈ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ.

1. ಈ ಬದಲಾವಣೆ 4 ದಿನಕ್ಕಿಂತ ಹೆಚ್ಚು ಇದ್ಯಾ?
2. ಇವರು ಎಂದಿನಂತಿಲ್ಲ ಅಂತ ಮನೆಯವರಿಗೆ, ಜೊತೆ ಕೆಲಸದವರಿಗೆ ಅನಿಸಿದ್ಯಾ?
3. ನಿದ್ದೆ ಕಮ್ಮಿ ಆದ್ರೂ ಸುಸ್ತಿಲ್ವಾ?
4. ಹಿಂದೆ ಯಾವಾಗಲಾದ್ರೂ ಹೀಗೇ ಆಗಿ, ಆಮೇಲೆ ವಾರಗಟ್ಟಲೆ ಮಂಕಾಗಿದ್ರಾ?

ನಾಲ್ಕಕ್ಕೂ ಹೌದು ಅಂದ್ರೆ ಒಂದ್ಸಲ ತೋರಿಸಿ. ಕಾಯಿಲೆ ಇದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಥೈರಾಯ್ಡ್ ತೊಂದರೆ, ಕುಡಿತ, ಸ್ಟೀರಾಯ್ಡ್ ಮಾತ್ರೆಗಳಿಂದಲೂ ಇದೇ ಥರ ಆಗಬಹುದು. ಅದಕ್ಕೇ ಡಾಕ್ಟರ್ ರಕ್ತ ಪರೀಕ್ಷೆ ಬರೀತಾರೆ.

ಡಾಕ್ಟರ್ ಹತ್ರ ಅರ್ಧ ಕಥೆ ಹೇಳಬೇಡಿ

ಜನ ಆಸ್ಪತ್ರೆಗೆ ಹೋಗೋದು ಇಳಿತದಲ್ಲಿ ಮಾತ್ರ. "ಬೇಜಾರು, ನಿದ್ದೆ ಇಲ್ಲ, ಸುಸ್ತು" ಅಂತ ಹೇಳ್ತಾರೆ. ಹೋದ ತಿಂಗಳು ಚೆನ್ನಾಗೇ ಇದ್ದೆ ಅಂತ ಹುರುಪಿನ ದಿನಗಳ ವಿಷಯ ಎತ್ತೋದೇ ಇಲ್ಲ. ಆಗ ಡಾಕ್ಟರ್‌ಗೆ ಕಾಣೋದು ಬರೀ ಖಿನ್ನತೆ. ಖಿನ್ನತೆಯ ಮಾತ್ರೆ ಬರೀತಾರೆ.

ತೊಂದರೆ ಇರೋದು ಇಲ್ಲೇ. ಬೈಪೋಲಾರ್ ಇರೋರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ರೆ ಕೆಲವರಲ್ಲಿ ಮನಸ್ಸು ಕೆಳಗಿನಿಂದ ಸೀದಾ ಮೇಲಕ್ಕೆ ಹಾರಬಹುದು, ಇಲ್ಲಾ ಏರಿಳಿತ ಬೇಗಬೇಗ ಬರಬಹುದು. ಹಾಗಂತ ಈಗ ತಗೊಳ್ತಿರೋ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ ಒಂದು ಮಾತು ಹೇಳಿ: "ಸಾರ್, ಇದಕ್ಕೆ ಮುಂಚೆ ಕೆಲವು ದಿನ ನಿದ್ದೆನೇ ಬೇಡ ಅನ್ನೋ ಥರ ಹುರುಪಿತ್ತು, ಖರ್ಚು ಜಾಸ್ತಿ ಮಾಡಿದ್ದೆ." ಈ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಸಾಧ್ಯ ಆದ್ರೆ ಮನೆಯವರನ್ನ ಜೊತೆಗೆ ಕರ್ಕೊಂಡು ಹೋಗಿ. ಏರಿನ ದಿನಗಳು ನಮಗಿಂತ ಹೆಂಡತಿಗೋ ಅಮ್ಮನಿಗೋ ಚೆನ್ನಾಗಿ ನೆನಪಿರುತ್ತೆ.

ಔಷಧಿ ವಿಷಯ

ಏರಿಳಿತ ತಡೆಯೋ ಹಳೆಯ, ಈಗಲೂ ಬಳಕೆಯಲ್ಲಿರೋ ಔಷಧಿ ಲಿಥಿಯಂ. ಆಸ್ಟ್ರೇಲಿಯಾದ ಡಾ. ಜಾನ್ ಕೇಡ್ 1949ರಲ್ಲಿ ಇದರ ಉಪಯೋಗದ ಬಗ್ಗೆ ವರದಿ ಮಾಡಿದ್ರು. ಲ್ಯಾಮೋಟ್ರಿಜಿನ್, ಕ್ವಿಟಿಯಾಪಿನ್, ವಾಲ್ಪ್ರೋಯೇಟ್ ಕೂಡ ಇವೆ. ಯಾರಿಗೆ ಯಾವುದು ಅಂತ ಮನೋವೈದ್ಯರೇ ಹೇಳಬೇಕು. ತಗೊಳ್ಳೋರು ಕೆಲವು ವಿಷಯ ತಿಳ್ಕೊಂಡಿರಿ.

ಲಿಥಿಯಂ ತಗೊಳ್ಳೋರು ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ರಕ್ತದಲ್ಲಿ ಔಷಧಿ ಎಷ್ಟಿದೆ, ಕಿಡ್ನಿ, ಥೈರಾಯ್ಡ್ ಹೇಗಿದೆ ಅಂತ ನೋಡ್ತಾರೆ. ಬೇಸಿಗೇಲಿ ನೀರು ಚೆನ್ನಾಗಿ ಕುಡೀಬೇಕು. ಊಟದಲ್ಲಿ ಉಪ್ಪನ್ನ ಇದ್ದಕ್ಕಿದ್ದಂಗೆ ಬಿಡಬಾರದು. ಮೈಕೈ ನೋವು ಅಂತ ಮೆಡಿಕಲ್ ಶಾಪ್‌ನಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಗೊಂಡ್ರೆ ರಕ್ತದಲ್ಲಿ ಲಿಥಿಯಂ ಹೆಚ್ಚಾಗಿ ವಿಷ ಆಗಬಹುದು. ಬಿಪಿಯ ಕೆಲವು ಮಾತ್ರೆಗಳಿಗೂ ಇದೇ ಮಾತು. ವಾಂತಿ ಭೇದಿ, ಕೈ ಜೋರಾಗಿ ನಡುಗೋದು, ನಡಿಗೆ ತಪ್ಪೋದು, ಮಾತು ತೊದಲೋದು ಕಂಡ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಅಂಗಡಿ ನಡೆಸೋರೂ ನೋವಿನ ಮಾತ್ರೆ ಕೊಡೋ ಮುಂಚೆ "ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ" ಅಂತ ಒಂದು ಮಾತು ಕೇಳಿ.

ಲ್ಯಾಮೋಟ್ರಿಜಿನ್ ಶುರು ಮಾಡಿದ ಮೇಲೆ ಮೈಮೇಲೆ ಗಂಧೆ, ಗುಳ್ಳೆ ಬಂದ್ರೆ ಅವತ್ತೇ ಡಾಕ್ಟರ್‌ಗೆ ತೋರಿಸಿ. ವಾಲ್ಪ್ರೋಯೇಟ್ ಗರ್ಭದಲ್ಲಿರೋ ಮಗುವಿಗೆ ತೊಂದರೆ ಮಾಡುತ್ತೆ. ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳು ಈ ವಿಷಯ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳಬೇಕು.

ಮುಖ್ಯವಾಗಿ, ಚೆನ್ನಾಗಿದೀನಿ ಅಂತ ಮಾತ್ರೆ ಬಿಡಬೇಡಿ. ಬಿಟ್ಟವರಲ್ಲಿ ಕಾಯಿಲೆ ಮರುಕಳಿಸೋದು ಜಾಸ್ತಿ.

ಮನೇಲಿ, ಅಂಗಡೀಲಿ ಮಾಡಬೇಕಾದ್ದು

ನಿದ್ದೆಗೆ ಸಮಯ ಕಟ್ಟಿ. ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಜಾತ್ರೆ, ಮದುವೆ, ರಾತ್ರಿ ಲೋಡ್ ಇಳಿಸೋದು ಅಂತ ನಿದ್ದೆಗೆಟ್ರೆ ಏರು ಶುರುವಾಗಬಹುದು. ಒಂದು ರಾತ್ರಿ ತಪ್ಪಿದ್ರೆ ಮಾರನೇ ರಾತ್ರಿ ಬೇರೆಯವರಿಗೆ ಕೆಲಸ ವಹಿಸಿ.

ಗೋಡೆ ಕ್ಯಾಲೆಂಡರ್ ಬಳಸಿ. ರಾತ್ರಿ ಮಲಗೋ ಮುಂಚೆ ಆ ದಿನದ ಮನೆಯಲ್ಲಿ ಮನಸ್ಸು ಮೇಲಿದ್ರೆ ಪ್ಲಸ್, ಕೆಳಗಿದ್ರೆ ಮೈನಸ್, ಸರಿ ಇದ್ರೆ ಸೊನ್ನೆ ಹಾಕಿ. ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ ಅಂತ ಬರೀರಿ. ಎರಡು ಮೂರು ತಿಂಗಳ ಹಾಳೆ ಡಾಕ್ಟರ್‌ಗೆ ತೋರಿಸಿದ್ರೆ ಅವರಿಗೆ ತುಂಬಾ ಸಹಾಯ.

ದುಡ್ಡಿಗೆ ಒಂದು ನಿಯಮ ಮಾಡ್ಕೊಳ್ಳಿ. ಇಂತಿಷ್ಟು ಮೊತ್ತಕ್ಕಿಂತ ದೊಡ್ಡ ವ್ಯವಹಾರ ಆದ್ರೆ ಎರಡು ರಾತ್ರಿ ಮಲಗಿ ಎದ್ದ ಮೇಲೆ, ಮನೆಯವರೊಬ್ಬರಿಗೆ ಹೇಳಿದ ಮೇಲೆ ಮಾತ್ರ. ಈ ನಿಯಮವನ್ನ ಮನಸ್ಸು ಸರಿ ಇರೋ ದಿನಗಳಲ್ಲೇ ಕೂತು ಮಾತಾಡಿ ಮಾಡ್ಕೊಳ್ಳಿ. ಏರಿನಲ್ಲಿ ಇರುವಾಗ ಯಾರ ಮಾತೂ ಕಿವಿಗೆ ಹೋಗಲ್ಲ.

ಕುಡಿತ ಬಿಡಿ. ಇಳಿತದಲ್ಲಿ ಸಮಾಧಾನಕ್ಕೆ ಅಂತ ಕುಡಿಯೋದು ಇಳಿತವನ್ನ ಇನ್ನೂ ಆಳ ಮಾಡುತ್ತೆ, ಮಾತ್ರೆ ಜೊತೆಗೂ ಹೊಂದಲ್ಲ.

ಮನೆಯವರಿಗೆ ಎರಡು ಮಾತು

ಏರಿನಲ್ಲಿ ಇರೋರ ಜೊತೆ ವಾದಕ್ಕೆ ಇಳೀಬೇಡಿ. "ನಿನಗೆ ಹುಚ್ಚು" ಅಂತಂತೂ ಅನ್ನಲೇಬೇಡಿ. "ಮೂರು ದಿನದಿಂದ ಮಲಗಿಲ್ಲ, ನಾಳೆ ಡಾಕ್ಟರ್ ಹತ್ರ ಹೋಗಿ ಬರೋಣ" ಅಂತ ಕಣ್ಣಿಗೆ ಕಂಡಿದ್ದನ್ನ ಮಾತ್ರ ಹೇಳಿ. ಇಳಿತದಲ್ಲಿ ಇರೋರಿಗೆ "ಸೋಮಾರಿತನ ಬಿಡು" ಅನ್ನಬೇಡಿ.

ಮದುವೆ ಮಾಡಿದ್ರೆ ಸರಿ ಹೋಗ್ತಾನೆ ಅನ್ನೋದು ಸುಳ್ಳು. ಚಿಕಿತ್ಸೆ ಇಲ್ಲದೆ ಮದುವೆ ಮಾಡಿದ್ರೆ ಇನ್ನೊಂದು ಮನೆಗೂ ಕಷ್ಟ. ದೇವಸ್ಥಾನ, ಹರಕೆ ನಿಮ್ಮ ನಂಬಿಕೆ, ಮಾಡ್ಕೊಳ್ಳಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಸಾಯೋ ಮಾತು ಬಂದ್ರೆ ನೇರವಾಗಿ ಕೇಳಿ. ಕೇಳಿದ್ರೆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ತಿಳುವಳಿಕೆ. ಕೀಟನಾಶಕ, ಉಳಿದ ಮಾತ್ರೆ ಕೈಗೆ ಸಿಗದಂಗೆ ಬೀಗ ಹಾಕಿಡಿ, ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಎಲ್ಲಿಗೆ ಹೋಗಬೇಕು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಸಿಗುತ್ತೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡೋ "ಮನೋಚೈತನ್ಯ" ಕ್ಲಿನಿಕ್ ಅನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತ್ತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರ್ತಾರೆ ಅಂತ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆ ಹತ್ರ ಮೊದಲೇ ಕೇಳ್ಕೊಂಡು ಹೋಗಿ.

ಹೋಗೋಕೆ ಮುಜುಗರ ಅನಿಸಿದ್ರೆ ಮೊದಲು ಫೋನ್ ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಕಾಯಿಲೆ ವಿಷಯ ಗುಟ್ಟಾಗಿಡೋದು ಆಸ್ಪತ್ರೆಯವರ ಕರ್ತವ್ಯ. ಆರೋಗ್ಯ ವಿಮೆ ಕಂಪನಿಗಳು ಮೈಯ ಕಾಯಿಲೆ ಥರಾನೇ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕು ಅಂತಲೂ ಅದರಲ್ಲಿದೆ. ಪಾಲಿಸಿ ಮಾಡಿಸುವಾಗ ಏಜೆಂಟ್ ಹತ್ರ ಇದನ್ನ ಕೇಳಿ.

ಶುಗರ್, ಬಿಪಿ ಇರೋರು ದಿನಾ ಮಾತ್ರೆ ತಗೊಂಡು ಅಂಗಡಿ ನಡೆಸ್ತಿಲ್ವಾ? ಬೈಪೋಲಾರ್ ಇರೋರೂ ಹಾಗೇ ನಡೆಸಬಹುದು. ಡಾಕ್ಟರ್ ಹತ್ರ ಹೋಗುವಾಗ ಬಿದ್ದ ದಿನಗಳ ಜೊತೆ ಹಾರಿದ ದಿನಗಳನ್ನೂ ಬರ್ಕೊಂಡು ಹೋಗಿ.