ಒಂದು ಓಲೆ, ಹಲವು ಪಾಠ

ಬೆಂಗಳೂರಿನ ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗುವವರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳು ಕಾಣುತ್ತವೆಯೇ ಹೊರತು, ಆ ಮರಗಳ ಮರೆಯಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರದಲ್ಲಿ ಮನುಷ್ಯನ ಮೆದುಳಿನ ವ್ಯಾಧಿಗಳ ಮೂಲವನ್ನರಸುವ ಕಾರ್ಯ ವರ್ಷಗಳಿಂದ ನಡೆದು ಬಂದಿದೆಯೆಂಬುದು ಹೊಳೆಯುವುದಿಲ್ಲ.

ಆ ಮೂಲವನ್ನು ಹುಡುಕಬೇಕಾದ ಒಂದು ಕಡೆ ನಮ್ಮ ವಂಶವಾಹಿಯ ಬರಹ. ಅದು ಹಳೆಯ ಓಲೆಗರಿಯ ಕಟ್ಟಿನಂಥದು. ಅರ್ಥವುಳ್ಳ ಭಾಗಗಳ ನಡುನಡುವೆ ಪ್ರಕ್ಷಿಪ್ತಗಳು ಸೇರಿಕೊಂಡಿರುತ್ತವೆ. ಜೀವಕೋಶವು ಆ ಬರಹವನ್ನು ಆರ್‌ಎನ್‌ಎಯಾಗಿ ಪ್ರತಿಮಾಡಿ, ಪ್ರಕ್ಷಿಪ್ತಗಳನ್ನು ಕತ್ತರಿಸಿ ತೆಗೆದು, ಉಳಿದುದನ್ನು ಹೊಂದಿಸಿದ ಮೇಲೆಯೇ ಪ್ರೋಟೀನಿನ ನಿರ್ಮಾಣ. ಇದು ಸ್ಪ್ಲೈಸಿಂಗ್. ಒಂದೇ ಓಲೆಯಿಂದ ಬೇರೆಬೇರೆ ಭಾಗಗಳನ್ನು ಉಳಿಸಿಕೊಂಡು ಹಲವು ಪಾಠಗಳನ್ನು ಹೊರಡಿಸುವುದು ಪರ್ಯಾಯ ಸ್ಪ್ಲೈಸಿಂಗ್. ಈ ಕೌಶಲ ಮೆದುಳಿನಲ್ಲಿ ವಿಶೇಷವಾಗಿ ವಿಜೃಂಭಿಸುತ್ತದೆ. ಟೌ ಎಂಬ ಪ್ರೋಟೀನು ನಮ್ಮ ಮೆದುಳಿನಲ್ಲಿ 6 ರೂಪಗಳಲ್ಲಿದೆ. ಅದರ ಓಲೆಯ ಹತ್ತನೆಯ ಖಂಡವನ್ನು ಇಟ್ಟುಕೊಂಡ ಪ್ರತಿಗಳಿಗೂ ಬಿಟ್ಟ ಪ್ರತಿಗಳಿಗೂ ಇರತಕ್ಕ ಸಮತೋಲ ಕೆಟ್ಟರೆ ಒಂದು ಬಗೆಯ ಮರೆವಿನ ರೋಗವೇ ಬರುತ್ತದೆ.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯುಕ್ಷಯದ ವ್ಯಾಧಿಯ ಕಥೆ ಇನ್ನೂ ಕರುಣಾಜನಕ. ಎಸ್‌ಎಂಎನ್1 ಎಂಬ ವಂಶವಾಹಿ ನಷ್ಟವಾದ ಶಿಶುವಿನಲ್ಲಿ ಅದರ ಪ್ರತಿರೂಪದಂತಿರುವ ಎಸ್‌ಎಂಎನ್2 ಇದ್ದೇ ಇರುತ್ತದೆ. ಆದರೆ ಒಂದೇ ಒಂದು ಅಕ್ಷರದ ವ್ಯತ್ಯಾಸದಿಂದ ಏಳನೆಯ ಖಂಡ ಬಹುಪಾಲು ಪ್ರತಿಗಳಲ್ಲಿ ಬಿಟ್ಟುಹೋಗಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ಸೊರಗುತ್ತವೆ. ಬಿಟ್ಟುಹೋದ ಆ ಖಂಡವನ್ನು ಮರಳಿ ಸೇರಿಸುವ ನ್ಯುಸಿನರ್ಸೆನ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2016ರ ಡಿಸೆಂಬರಿನಲ್ಲಿ. ಸ್ಪ್ಲೈಸಿಂಗ್ ಪತ್ತೆಯಾದದ್ದು 1977ರಲ್ಲಿ. ಅದನ್ನು ಕಂಡ ವಿಜ್ಞಾನಿಗಳಾದ ಶಾರ್ಪ್ ಮತ್ತು ರಾಬರ್ಟ್ಸ್ ಅವರ ಎದುರಿಗಿದ್ದುದು ರೋಗಿಯಲ್ಲ, ನೆಗಡಿಯಂಥ ಬೇನೆ ತರುವ ಅಡಿನೋವೈರಸ್. ನಡುವಿನ ಅಂತರ 39 ವರ್ಷ! ಆ ಅವಧಿಯಲ್ಲಿ ಫಲವೆಲ್ಲಿ ಎಂದು ಕೇಳಿ ಯಾರಾದರೂ ಹಣ ನಿಲ್ಲಿಸಿದ್ದರೆ ಇಂದು ಆ ಔಷಧವಿರುತ್ತಿರಲಿಲ್ಲ.

ನಮ್ಮಲ್ಲಿಯೂ ಇಂಥ ಸಂಶೋಧನೆಗೆ ಹಣ ಬಂದಿಲ್ಲವೆನ್ನಲಾಗದು. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆಯಾದ ನಿಮ್ಹಾನ್ಸಿಗೆ ಬರುವ ಕುಟುಂಬಗಳ ರಕ್ತಕೋಶಗಳಿಂದ ಆಕರಕೋಶಗಳನ್ನೂ, ಅವುಗಳಿಂದ ನರಕೋಶಗಳನ್ನೂ ಬೆಳೆಸಿ ಸ್ಕಿಜೋಫ್ರೀನಿಯಾ, ಡಿಮೆನ್ಶಿಯಾ ಮೊದಲಾದ 5 ವ್ಯಾಧಿಗಳನ್ನು ಶೋಧಿಸುವ ಕಾರ್ಯಕ್ರಮಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಪ್ರತೀಕ್ಷಾ ಎಂಬ ದತ್ತಿ ಟ್ರಸ್ಟೂ ನೆರವಾದುವು. ಅಂಥ ನರಕೋಶಗಳಲ್ಲಿಯೇ ಅಲ್ಲವೆ ಪಾಠ ಎಲ್ಲಿ ತಪ್ಪಿತೆಂದು ಹುಡುಕಬೇಕಾದುದು? ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರಕ್ಕೆ ಅದೇ ಟ್ರಸ್ಟು 225 ಕೋಟಿ ರೂಪಾಯಿ ವಾಗ್ದಾನ ಮಾಡಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಿರಿಯರನ್ನು ಆ ಕೇಂದ್ರ ವರ್ಷ ವರ್ಷವೂ ಪರೀಕ್ಷಿಸುತ್ತಿದೆ. 2023ರಲ್ಲಿ ದಾನಿ ರೋಹಿಣಿ ನಿಲೇಕಣಿಯವರು ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್‌ಗಳಿಗೆ 100 ಕೋಟಿಯಿತ್ತರು.

ಪ್ರತೀಕ್ಷೆಯೆಂದರೆ ಕಾಯುವಿಕೆ, ಟ್ರಸ್ಟಿನ ದಾನಿಗಳು ಆ ಹೆಸರನ್ನು ಸಾರ್ಥಕವಾಗಿ ಆರಿಸಿದ್ದಾರೆ. ಆದರೆ ಇಡೀ ದೇಶವು ಸಂಶೋಧನೆಗೆ ವ್ಯಯಿಸಿದ್ದು 2020-21ರ ಲೆಕ್ಕದಂತೆ ಒಟ್ಟು ದೇಶೀಯ ಉತ್ಪನ್ನದ ಶೇಕಡಾ 0.64 ಮಾತ್ರ, ಸಂಶೋಧಕರಿಗೆ ಸಿಗುವ ಯೋಜನಾ ಅನುದಾನಗಳೂ ಬಹುತೇಕ ಮೂರು, ಐದು ವರ್ಷಗಳ ಅವಧಿಯವು. ಅಪರೂಪದ ವ್ಯಾಧಿಯ ಮಗುವೊಂದಕ್ಕೆ 50 ಲಕ್ಷದವರೆಗೆ ಚಿಕಿತ್ಸಾನೆರವು ನೀಡಲೊಪ್ಪಿದ ಸರಕಾರ, ಆ ವ್ಯಾಧಿಯ ಮೂಲವನ್ನು ಶೋಧಿಸುವವರಿಗೂ ಇಪ್ಪತ್ತು ವರ್ಷಗಳ ಭರವಸೆಯನ್ನು ಕೊಡಲಿ.